ಒಂದು ಛಟಾಕು ಹೆಚ್ಚು

‘ಅಕ್ಕಾರ, ಹೆಣ್ಮಕ್ಕಳ ಕೈಗೆ ಇದು ಸರಿ’ ಅಂತ
ಮುನೀರ ಸಾಬ ಮೊದಲು ತೆಗೆದಿಟ್ಟದ್ದು ಹಗುರದ್ದು.
ಕೆಳಗ ಹಸಿರು ಮಖಮಲ್ಲು, ಮ್ಯಾಲ ಮಿಣುಕೂ ಟ್ಯೂಬ್‌ಲೈಟು,
ಹೊರಗ ಕಿರಾಣಾ ಬಜಾರಿನ ಆಟೋಗಳ ಜಗಳ.
‘ಪರ್ಸಿನ್ಯಾಗ ಹಿಡೀತದ. ಅದ ಅಂತ ತಿಳಿಯಂಗೇ ಇಲ್ಲ.’

ತಿಳಿಯಲಾರದ ತೂಕ ನಾ ಯಾವತ್ತೂ ಕೊಂಡಾಕಿ ಅಲ್ಲ, ಸಾಬ.
ಗಂಜಿನ್ಯಾಗ ಹದಿನೆಂಟು ವರ್ಷ
ಬ್ಯಾಳಿ ಮಿಲ್ಲಿನ ಕಾಟಾದ ಮುಂದ ಕುಂತೀನಿ.
ಒಂದು ಮುಷ್ಟಿ ತೊಗರಿ ಹಿಡದ್ರ ಸಾಕು,
ಹಸಿ ಎಷ್ಟು, ಹೊಟ್ಟು ಎಷ್ಟು, ಮೋಸ ಎಷ್ಟು
ಅಂಗೈ ಹೇಳ್ತದ.
ಹಮಾಲ ಲಾಲಪ್ಪ ಚೀಲ ಒಗೆಯೋ ಸಪ್ಪಳದಾಗೇ
ಅರ್ಧ ಕಿಲೋ ಕಡಿಮಿ ಅನ್ನೂದು ಕಿವಿಗೆ ಗೊತ್ತು.

ಹೋದ ದೀಪಾವಳಿ ಮುಂದ
ಹುಮನಾಬಾದ ರಸ್ತೆದಾಗ ಮುನೀಮ ಚಂದ್ರಕಾಂತನ ತಲಿ ಒಡದು
ರೊಕ್ಕದ ಚೀಲ ಒಯ್ದರು.
ಆಮ್ಯಾಲ ಏಳು ತಿಂಗಳು ಡಿ.ಸಿ. ಆಫೀಸಿನ ಕಟ್ಟಿ,
ಒಂಬತ್ತು ಸಹಿ, ಎರಡು ಫೋಟೋ, ಒಂದು ಪ್ರಶ್ನಿ:
‘ಮನಿಯಾಗ ಗಂಡಸರು ಯಾರೂ ಇಲ್ಲೇನ್ರಿ?’
ಇದ್ದಾರ. ಕಾಟಾದ ಮುಂದ ಕುಂಡ್ರಾಕಿ ನಾನು.

ಊರ ಹೊರಗ ಹಳೇ ಪರಸಿ ಖಣಿ,
ಅದರ ಹೊಟ್ಟಿಯಾಗ ಕ್ಲಬ್ಬಿನ ರೇಂಜು.
ಹಗುರದ್ದು ಹಿಡದು ಮೊದಲ ಗುಂಡು ಹೊಡದೆ.
ಮೊದಲ ಸಲ ಕರಸಿಕೊಳ್ಳೋ ಮಣಕದಂಗ ಒದೀತು.
ಮಿಲ್ಲಿನ ಬೆಲ್ಟಿಗೆ ಸಿಕ್ಕು ಒಮ್ಮೆ ಮುರದ ಮಣಿಕಟ್ಟು,
ಮೋಡ ಬಂದ್ರ ನನಗಿಂತ ಮೊದಲು ಅಳೂ ಮಣಿಕಟ್ಟು,
ಮೂರನೇ ಗುಂಡಿಗೆ ಕಣ್ಣಾಗ ನೀರು ತರಿಸ್ತು.
ಗುಂಡು ಎಲ್ಲಿ ಹೋಯ್ತೋ, ಖಣಿಗೇ ಗೊತ್ತು.

‘ಇದು ಹಿಡೀರಿ’ ಅಂದ ಸಿದ್ರಾಮ ಹವಾಲ್ದಾರ.
ಉಕ್ಕಿನದು. ಕಪ್ಪು ಸವದು ಅಂಚು ಬೆಳ್ಳಗಾದದ್ದು.
ಅಂಗೈ ತಾನೇ ಹೇಳ್ತು:
ತುಂಬಿದ್ರ ಕಿಲೋಕ್ಕ ಒಂದು ಛಟಾಕು ಹೆಚ್ಚು.
ಹೊಡದೆ.
ಗುಂಡು ಹೋಯ್ತು, ಕೈ ಅಲ್ಲೇ ಇತ್ತು,
ಬೀಸೂ ಕಲ್ಲಿನ ಮ್ಯಾಲ ಊರಿದಂಗ.
‘ಧಕ್ಕೆ ಎಲ್ಲಾ ಅದೇ ಉಣ್ತದ ಅಕ್ಕಾರ,’ ಅಂದ,
‘ನಿಮಗ ಏನೂ ಉಳಸಂಗಿಲ್ಲ.’

ಖರೇ. ಏನೂ ಉಳಸಲಿಲ್ಲ.
ಹತ್ತು ಮುಗದ ಕೂಡಲೇ
‘ಇನ್ನೂ ಹತ್ತು ಕೊಡ್ರಿ’ ಅಂದದ್ದು ನನ್ನ ಬಾಯೇ.
ಹಬ್ಬದ ದಿನ ಹೋಳಿಗಿ ಕೇಳೂ ಧಾಟಿ.
ಮಣಿಕಟ್ಟು ಗಪ್ಪ. ಭುಜ ಗಪ್ಪ.
ಕಾಗದದ ಮನಷ್ಯಾಗ ಮುಖ ಬರದಿರಲಿಲ್ಲ,
ಅವನ ಎದಿಯೊಳಗಿಂದ
ಹಿಂದಿನ ಬಿಸಲು ಕಾಣಸ್ತಿತ್ತು.

ತಿರುಗಿ ಬರೂಮುಂದ ಕ್ವಾಟಿ ಮುಂದ ಗಾಡಿ ನಿಂದರಿಸಿದೆ.
ಮ್ಯಾಲ ಆ ಉದ್ದನ್ನ ತೋಪು, ಅದರ ಬೆನ್ನ ಮ್ಯಾಲ
ನಾಕು ಹುಡುಗರು ಕುದರಿ ಆಟ ಆಡಾಕತ್ತಿದ್ರು.
ಒಬ್ಬ ಅದರ ಬಾಯಾಗ ಕುರ್ಕುರೆ ಚೀಟಿ ತುರುಕಿದ.
ಅಷ್ಟು ಭಾರ ಆದ ಮ್ಯಾಲ
ಯಾರ ಮ್ಯಾಲೂ ಸಿಟ್ಟಿರಂಗಿಲ್ಲ ಅಂತ ಕಾಣತದ.

‘ಭಾರದ್ದೇ ಕೊಡ್ರಿ, ಸಾಬ.’
‘ಇದು ಪರ್ಸಿನ್ಯಾಗ ಹಿಡಿಯಂಗಿಲ್ರಿ.’
ಹಿಡೀಬಾರದು.
ತಿಜೋರಿಯಿಂದ ಎತ್ತಬೇಕಂದ್ರ ನನಗ ಎರಡೂ ಕೈ ಬೇಕು,
ನಡುವ ಒಂದು ಉಸುರು ಬೇಕು.
ಕೈಗೆ ನೋವಿಲ್ಲದ್ದು ಆರಿಸಿಕೊಂಡೀನಿ, ಒಪ್ಪಿದೆ.
ಆ ಒಂದು ಉಸುರಾದರೂ ನನ್ನ ಲೆಕ್ಕಕ್ಕ ಇರಲಿ.

ಸಂಜಿಗೆ ಮಿಲ್ಲು ನಿಂತ ಮ್ಯಾಲ
ಸಣ್ಣ ತಕ್ಕಡಿಯ ಒಂದು ಪರಡಿಯಾಗ ಅದನ್ನಿಟ್ಟು
ಇನ್ನೊಂದಕ್ಕ ಮುಷ್ಟಿ ಮುಷ್ಟಿ ಬ್ಯಾಳಿ ಹಾಕಿದೆ.
ಹದಿನಾರು ಮುಷ್ಟಿಗೆ ಮುಳ್ಳು ನಡುವ ನಿಂತ್ತು.
ನಾಕು ದಿನದ ಸಾರು.
ಬಾಗಲದಾಗ ಲಾಲಪ್ಪ: ‘ಅಕ್ಕಾ, ಈಗೇನು ತೂಕ?’
ಬ್ಯಾಳಿ ಚೀಲಕ್ಕ ಸುರಿವಿದೆ.
‘ಏನಿಲ್ಲೋ. ತಕ್ಕಡಿ ಖರೇ ಹೇಳ್ತದೋ ಇಲ್ಲೋ, ನೋಡಿದೆ.’